ಪದವಿಯಲ್ಲಿ ಮಾನವಶಾಸ್ತ್ರ: ತರಗತಿಯ ಓದನ್ನೂ ಕಾಲೇಜಿನ ಚಟುವಟಿಕೆಗಳನ್ನೂ ಹೇಗೆ ಕೂಡಿಸಿಕೊಳ್ಳಬೇಕು?

ಪ್ರಶ್ನೆ: ದ್ವಿತೀಯ ವರ್ಷದ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಪದವಿಯ ಎರಡನೆಯ ವರ್ಷದಲ್ಲಿದ್ದೇನೆ. ಮಾನವಶಾಸ್ತ್ರ ನನ್ನ ಐಚ್ಛಿಕ ವಿಷಯಗಳಲ್ಲಿ ಒಂದು. ಸೇರುವಾಗ ಈ ವಿಷಯದ ಬಗ್ಗೆ ನನಗೆ ಹೆಚ್ಚೇನೂ ತಿಳಿದಿರಲಿಲ್ಲ; ಈಗ ಇದನ್ನೇ ಮುಂದೆ ಓದಬೇಕೆಂಬ ಆಸೆ ಬಲವಾಗಿದೆ. ಮೊದಲ ವರ್ಷ ಪ್ರಯೋಗಾಲಯದಲ್ಲಿ ತಲೆಯ ಉದ್ದಗಲ ಅಳೆಯುವುದನ್ನೂ ಬೆರಳಚ್ಚಿನ ಸುಳಿ, ಕುಣಿಕೆ, ಕಮಾನುಗಳನ್ನು ಗುರುತಿಸುವುದನ್ನೂ ಕಲಿತೆವು. ಈ ವರ್ಷ ವಂಶಾವಳಿಯ ನಕ್ಷೆ ಬರೆಯುವುದನ್ನು ಕಲಿಸುತ್ತಿದ್ದಾರೆ. ಗಂಡಸರಿಗೆ ತ್ರಿಕೋನ, ಹೆಂಗಸರಿಗೆ ವೃತ್ತ, ಮದುವೆಗೆ ಜೋಡಿಗೆರೆ. ನಮ್ಮ ಮನೆತನದ ನಕ್ಷೆ ಬರೆಯಲು ಕುಳಿತಾಗ ನನ್ನ ಅಜ್ಜ ಎರಡು ಕಡೆ ಬಂದರು: ಅಜ್ಜಿಯ ಗಂಡನಾಗಿ ಒಂದು ತಲೆಮಾರಿನಲ್ಲಿ, ಅಜ್ಜಿಯ ತಾಯಿಯ ತಮ್ಮನಾಗಿ ಅದರ ಮೇಲಿನ ತಲೆಮಾರಿನಲ್ಲಿ. ಕೊನೆಗೆ ಮೇಲಿನ ಸಾಲಿನ ತ್ರಿಕೋನದಿಂದ ಕೆಳಗಿನ ಸಾಲಿನ ವೃತ್ತಕ್ಕೆ ಓರೆಯಾಗಿ ಜೋಡಿಗೆರೆ ಎಳೆದೆ. ಅಕ್ಕನ ಮಗಳನ್ನು ಮದುವೆಯಾಗುವುದು ನಮ್ಮ ಕಡೆ ಹೊಸ ಸಂಗತಿಯೇನಲ್ಲ. ಆದರೆ ಆಸ್ತಿ, ಸಂಬಂಧ, ಸಲುಗೆ ಎಲ್ಲವೂ ಆ ಒಂದು ಓರೆಗೆರೆಯಲ್ಲಿ ಹೇಗೆ ಒಳಗೇ ಸುತ್ತಿಕೊಳ್ಳುತ್ತವೆ ಎಂಬುದನ್ನು ಅಂದೇ ಮೊದಲ ಬಾರಿಗೆ ನೋಡಿದೆ.

ನನ್ನ ಗೊಂದಲ ಬೇರೆ. ನಾನು ರಾಷ್ಟ್ರೀಯ ಸೇವಾ ಯೋಜನೆಯಲ್ಲಿದ್ದೇನೆ, ಕನ್ನಡ ಸಂಘದ ಭಿತ್ತಿಪತ್ರಿಕೆಯನ್ನು ನೋಡಿಕೊಳ್ಳುತ್ತೇನೆ, ವಸತಿನಿಲಯದ ಊಟದ ಸಮಿತಿಗೂ ಹೆಸರು ಕೊಟ್ಟಿದ್ದೇನೆ. ಈಗ ನಮ್ಮ ಮೇಡಂ ಅವರು ಮಾನವಶಾಸ್ತ್ರದ ವಿದ್ಯಾರ್ಥಿಗಳದೇ ಒಂದು ಸಂಘವನ್ನು ಆರಂಭಿಸಲು ಮುಂದಾಗು ಎನ್ನುತ್ತಿದ್ದಾರೆ. ಓದಿಗೆ ಸಮಯ ಉಳಿಯುವುದಿಲ್ಲವೆಂಬ ಆತಂಕ ಒಂದು ಕಡೆ. ಜನರ ನಡುವೆ ಇರದೆ ಈ ಶಾಸ್ತ್ರವನ್ನು ಓದುವುದಾದರೂ ಹೇಗೆ ಎಂಬ ಪ್ರಶ್ನೆ ಇನ್ನೊಂದು ಕಡೆ. ಈ ಚಟುವಟಿಕೆಗಳಲ್ಲಿ ಯಾವುದು ನಿಜವಾಗಿ ಅಧ್ಯಯನಕ್ಕೆ ನೆರವಾಗುತ್ತದೆ? ಶಿಬಿರದ ಹಳ್ಳಿಯಲ್ಲಿ ಮನೆ ಮನೆಗೆ ಹೋಗಿ ಮಾಡಿದ ಸಮೀಕ್ಷೆಯ ಮಾಹಿತಿಯನ್ನು ನನ್ನ ಕಿರುಪ್ರಬಂಧಕ್ಕೆ ಬಳಸಿಕೊಳ್ಳಬಹುದೇ? ಇದನ್ನು ಓದಿದರೆ ಮುಂದೇನು ಎಂದು ಅಪ್ಪ ಕೇಳುತ್ತಲೇ ಇದ್ದಾರೆ. ಅದಕ್ಕೂ ತಿಳಿದವರು ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಸಂಶೋಧನಾ ವಿದ್ಯಾರ್ಥಿ, ಹೈದರಾಬಾದ್

ತಂಗಿ, ನಿಮ್ಮ ಅಜ್ಜನ ಓರೆಗೆರೆಯನ್ನು ಓದಿ ಬಹಳ ಸಂತೋಷವಾಯಿತು. ವಂಶಾವಳಿಯನ್ನು ಸಂಗ್ರಹಿಸುವ ಈ ವಿಧಾನವನ್ನು ಬ್ರಿಟಿಷ್ ಮಾನವಶಾಸ್ತ್ರಜ್ಞ ರಿವರ್ಸ್ ಅವರು, ಆಸ್ಟ್ರೇಲಿಯಾದ ಉತ್ತರಕ್ಕಿರುವ ಟೊರೆಸ್ ಜಲಸಂಧಿಗೆ 1898ರಲ್ಲಿ ಹೋದ ಅಧ್ಯಯನ ಯಾತ್ರೆಯಲ್ಲಿ ರೂಪಿಸಿದರು. ಬಳಿಕ ನಮ್ಮ ನೆರೆಯ ನೀಲಗಿರಿಯ ತೋಡ ಬುಡಕಟ್ಟಿನವರ ನಡುವೆ ಅದನ್ನು ವಿಸ್ತಾರವಾಗಿ ಬಳಸಿದರು. ನೂರು ವರ್ಷ ಕಳೆದರೂ ಆ ವಿಧಾನ ಉಳಿದಿರುವುದಕ್ಕೆ ಕಾರಣವಿದೆ. ನಿಮ್ಮಲ್ಲಿ ಮದುವೆಯ ಪದ್ಧತಿ ಏನು ಎಂದು ಕೇಳಿದರೆ ಜನ ಹೀಗಿರಬೇಕು ಎಂಬ ನಿಯಮವನ್ನು ಹೇಳುತ್ತಾರೆ. ಯಾರು ಯಾರನ್ನು ಮದುವೆಯಾದರು ಎಂದು ಹೆಸರು ಹಿಡಿದು ಕೇಳಿದರೆ ನಡೆದದ್ದನ್ನು ಹೇಳುತ್ತಾರೆ. ನಿಯಮಕ್ಕೂ ನಡೆದದ್ದಕ್ಕೂ ಇರುವ ಅಂತರವನ್ನು ಗಮನಿಸುವುದೇ ನಮ್ಮ ಕೆಲಸದ ದೊಡ್ಡ ಪಾಲು.

ಚಟುವಟಿಕೆಗಳ ವಿಷಯಕ್ಕೆ ಬರುತ್ತೇನೆ. ನಾಲ್ಕನ್ನೂ ಹಿಡಿದುಕೊಳ್ಳಬೇಡಿ. ಒಂದನ್ನು ಆರಿಸಿಕೊಂಡು ಅದರಲ್ಲಿ ಎರಡು ವರ್ಷ ಬಿಡದೆ ಇರಿ. ಪ್ರಮಾಣಪತ್ರಗಳ ಸಂಖ್ಯೆ ಹೆಚ್ಚಲಿ ಎಂದು ಹಲವು ಸಂಘಗಳಿಗೆ ಹೆಸರು ಕೊಡುವವರು ಎಲ್ಲ ಕಾಲೇಜುಗಳಲ್ಲೂ ಇರುತ್ತಾರೆ, ಆದರೆ ಮಾನವಶಾಸ್ತ್ರ ಬೇಡುವ ಶಿಸ್ತು ಅದಕ್ಕೆ ತೀರ ವಿರುದ್ಧವಾದದ್ದು. ಒಂದೇ ಜಾಗದಲ್ಲಿ, ಅದೇ ಜನರ ನಡುವೆ ಬಹುಕಾಲ ಉಳಿದಾಗ ಮಾತ್ರ ಅವರು ನಿಮ್ಮ ಮುಂದೆ ಎಂದಿನಂತೆ ನಡೆದುಕೊಳ್ಳತೊಡಗುತ್ತಾರೆ. ನನ್ನನ್ನು ಕೇಳಿದರೆ, ನಿಮ್ಮ ಪಟ್ಟಿಯಲ್ಲಿ ಅಧ್ಯಯನಕ್ಕೆ ಅತ್ಯಂತ ಹತ್ತಿರವಾದದ್ದು ಊಟದ ಸಮಿತಿ. ಯಾರು ಯಾರ ಪಕ್ಕದಲ್ಲಿ ಕೂರುತ್ತಾರೆ, ಶ್ರಾವಣದಲ್ಲಿ ಬಡಿಸುವ ಸಾಲು ಹೇಗೆ ಬದಲಾಗುತ್ತದೆ, ಮೊಟ್ಟೆ ಬೇಯಿಸುವ ಪಾತ್ರೆಯ ಬಗ್ಗೆ ಜಗಳ ಬಂದಾಗ ಯಾರು ಮಾತಾಡುತ್ತಾರೆ, ಯಾರು ಸುಮ್ಮನಾಗುತ್ತಾರೆ, ಅಡುಗೆಯವರನ್ನು ಹುಡುಗಿಯರು ಏನೆಂದು ಕರೆಯುತ್ತಾರೆ ಎಂಬುದನ್ನೆಲ್ಲ ದಿನವೂ ನೋಡುವ ಅವಕಾಶ ಹೊರಗಿನಿಂದ ಬಂದ ಯಾವ ಸಂಶೋಧಕನಿಗೂ ಸಿಗುವುದಿಲ್ಲ. ಪಠ್ಯದಲ್ಲಿ ಸಹಭಾಗಿ ಅವಲೋಕನ ಎಂದು ಓದುತ್ತೀರಲ್ಲ, ಜನರೊಡನೆ ಬೆರೆತು ಬಾಳುತ್ತಲೇ ಅವರನ್ನು ಗಮನಿಸುವುದು, ಅದು ಶುರುವಾಗಬೇಕಾದದ್ದು ಇಂಥ ಕಡೆಯಿಂದಲೇ. ಸಮಿತಿಯ ಕೆಲಸವನ್ನು ಮಾತ್ರ ಕೆಲಸವಾಗಿಯೇ ಮಾಡಿ. ಬೇಳೆಯ ಲೆಕ್ಕ ನೋಡುವುದು, ನೀರಿನ ತೊಟ್ಟಿಯನ್ನು ತೊಳೆಸುವುದು ಸರಿಯಾಗಿ ನಡೆದರೆ ಅಲ್ಲಿ ನಿಮ್ಮ ಮಾತಿಗೆ ಬೆಲೆ ಬರುತ್ತದೆ.

ಇನ್ನು ಬರೆದಿಡುವುದು. ಮೈಸೂರಿನಲ್ಲಿ ಹುಟ್ಟಿ ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಓದಿದ ಮಾನವಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲೆಸಿ ಕ್ಷೇತ್ರಕಾರ್ಯ ಮಾಡಿದರು. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದ್ದರಿಂದ, ಸಂಸ್ಕರಿಸಿ ಇಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪನ್ನೇ ಮುಖ್ಯ ಆಸರೆಯಾಗಿ ಹಿಡಿದು ಅವರು ಬರೆದ ಪುಸ್ತಕ 1976ರಲ್ಲಿ ಹೊರಬಂತು. ಅದು ಸಾಧ್ಯವಾದದ್ದು ನೆನಪಿನ ಶಕ್ತಿಯೊಂದರಿಂದಲ್ಲ. ಹಿಂದೆ ದಿನದಿನವೂ ಬರೆದು, ಮತ್ತೆ ಓದಿ, ವಿಂಗಡಿಸಿದ್ದರಿಂದ ಆ ಊರು ಅವರ ಮನಸ್ಸಿನಲ್ಲಿ ಅಚ್ಚೊತ್ತಿತ್ತು ಎಂದು ನಾನು ನಂಬಿದ್ದೇನೆ. ಆದ್ದರಿಂದ ರಾತ್ರಿ ಮಲಗುವ ಮುನ್ನ ಒಂದು ಪುಟವಾದರೂ ಬರೆಯಿರಿ. ನೋಡಿದ್ದನ್ನು ಎಡಪುಟದಲ್ಲಿ, ನಿಮಗನಿಸಿದ್ದನ್ನು ಬಲಪುಟದಲ್ಲಿ ಬರೆಯುವ ಪದ್ಧತಿಯನ್ನು ಆರಂಭದಲ್ಲೇ ರೂಢಿಸಿಕೊಂಡರೆ ಎರಡೂ ಬೆರೆತುಹೋಗುವುದಿಲ್ಲ.

ಉತ್ತರ 2: ನಿವೃತ್ತ ಅಧ್ಯಾಪಕಿ, ಮೈಸೂರು

ಮೇಲೆ ಬರೆದವರ ಸಲಹೆಗಳಲ್ಲಿ ಹೆಚ್ಚಿನವನ್ನು ಒಪ್ಪುತ್ತೇನೆ. ಆದರೆ ಊಟದ ಸಮಿತಿಯ ಬಗ್ಗೆ ಅವರು ಹೇಳದೆ ಬಿಟ್ಟ ಒಂದು ಸಂಗತಿಯನ್ನೂ, ಶಿಬಿರದ ಸಮೀಕ್ಷೆಯ ಬಗ್ಗೆ ನೀವು ಕೇಳಿದ ಪ್ರಶ್ನೆಯನ್ನೂ ಸ್ವಲ್ಪ ವಿಸ್ತಾರವಾಗಿಯೇ ಎತ್ತಿಕೊಳ್ಳಬೇಕೆನಿಸಿದೆ.

ಮಗು, ಸಮೀಕ್ಷೆಯ ಮಾಹಿತಿಯನ್ನು ಪ್ರಬಂಧಕ್ಕೆ ಬಳಸಬೇಡ. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ವಿಶೇಷ ಶಿಬಿರಕ್ಕೆ ಬಂದ ವಿದ್ಯಾರ್ಥಿಗಳು ಎದೆಗೆ ಪದಕ ಸಿಕ್ಕಿಸಿಕೊಂಡು, ಕೈಯಲ್ಲಿ ಅಚ್ಚಾದ ನಮೂನೆ ಹಿಡಿದು ಹೊಸ್ತಿಲ ಬಳಿ ನಿಂತಾಗ ಊರಿನವರಿಗೆ ಅವರು ಸರ್ಕಾರದ ಕಡೆಯವರಂತೆ ಕಾಣುತ್ತಾರೆ. ಮನೆಯಲ್ಲಿ ಎಷ್ಟು ಜನ, ಶೌಚಾಲಯ ಇದೆಯೇ, ಸಾಲ ಎಷ್ಟಿದೆ ಎಂದು ಕೇಳಿದರೆ ಉತ್ತರಿಸುತ್ತಾರೆ. ಪಡಿತರ ಚೀಟಿಗೋ ಮನೆ ಮಂಜೂರಾತಿಗೋ ಇದರಿಂದ ಅನುಕೂಲವಾದೀತು ಎಂಬ ನಿರೀಕ್ಷೆಯಿಂದ ಉತ್ತರಿಸುತ್ತಾರೆ. ಆ ನಿರೀಕ್ಷೆಯ ಮೇಲೆ ಸಿಕ್ಕ ಮಾತನ್ನು ನಿನ್ನ ಅಂಕಗಳಿಗಾಗಿ ಬಳಸುವುದಕ್ಕೆ ಅವರ ಒಪ್ಪಿಗೆ ಇದೆಯೆಂದು ಹೇಳಲಾಗದು. ಆ ಊರೇ ನಿನ್ನನ್ನು ಸೆಳೆದಿದ್ದರೆ, ಶಿಬಿರ ಮುಗಿದ ಮೇಲೆ ಮೇಡಂ ಅವರ ಅನುಮತಿ ಪಡೆದು ವಿದ್ಯಾರ್ಥಿಯಾಗಿ ಮತ್ತೆ ಹೋಗು. ಏನು ಓದುತ್ತೀಯೆ, ಏಕೆ ಕೇಳುತ್ತಿದ್ದೀಯೆ, ಬರೆದದ್ದನ್ನು ಯಾರು ಓದುತ್ತಾರೆ, ಇದರಿಂದ ಅವರಿಗೆ ಯಾವ ಸೌಲಭ್ಯವೂ ಸಿಗುವುದಿಲ್ಲ ಎಂಬುದನ್ನು ಮೊದಲು ಹೇಳು. ಅಷ್ಟಾದ ಮೇಲೂ ಒಳಗೆ ಕರೆದು ಚಾಪೆ ಹಾಸಿದವರ ಮನೆಯಲ್ಲಿ ಕುಳಿತು ಕೇಳು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನಮ್ಮ ಶಾಸ್ತ್ರದ ಚರಿತ್ರೆಯೇ ಕಾರಣ. ನೀನು ಪ್ರಯೋಗಾಲಯದಲ್ಲಿ ಗೆಳತಿಯ ತಲೆಯನ್ನು ಅಳೆದೆಯಲ್ಲ, ಹುಬ್ಬುಗಳ ನಡುವಿನ ಬಿಂದುವಿನಿಂದ ಹಿಂದಲೆಯ ಅತಿ ದೂರದ ಬಿಂದುವಿನವರೆಗೆ ಕ್ಯಾಲಿಪರಿನ ಬಾಗಿದ ತೋಳುಗಳನ್ನು ತಾಗಿಸಿ, ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ ಸೂಚ್ಯಂಕ ತೆಗೆದೆಯಲ್ಲ, ಅಂಥವೇ ಅಳತೆಗಳನ್ನು ಹಿಡಿದು ವಸಾಹತು ಆಡಳಿತದ ಕಾಲದಲ್ಲಿ ಜಾತಿಗಳನ್ನು ಜನಾಂಗಗಳೆಂದು ವಿಂಗಡಿಸಿದರು. 1901ರ ಜನಗಣತಿಯ ಆಯುಕ್ತರಾಗಿದ್ದ ರಿಸ್ಲೆ, ಮೂಗಿನ ಸೂಚ್ಯಂಕಕ್ಕೂ, ಅಂದರೆ ಮೂಗಿನ ಉದ್ದಗಲಗಳ ಅನುಪಾತಕ್ಕೂ, ಜಾತಿಯ ಸ್ಥಾನಕ್ಕೂ ನಂಟಿದೆ ಎಂದು ವಾದಿಸಿದ್ದರು. ಆ ವಾದ ನಿಲ್ಲಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾನೂನು ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಅದು ರದ್ದಾದರೂ ಆ ಸಮುದಾಯಗಳ ಮೇಲಿನ ಅನುಮಾನ ರದ್ದಾಗಲಿಲ್ಲ. ಬರವಣಿಗೆಯಿಂದ ಜನರಿಗೆ ಆಗಬಹುದಾದ ಹಾನಿ ಎಷ್ಟೆಂದು ನಾವು ಇಲ್ಲಿಂದ ಕಲಿಯಬೇಕು. ಮೊದಲ ವರ್ಷದವರಿಗೆ ಅಳತೆ ಕಲಿಸುವಾಗಲೇ ಈ ಚರಿತ್ರೆಯನ್ನೂ ಹೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಎಷ್ಟೋ ಕಡೆ ಅದನ್ನು ಕೊನೆಯ ಘಟಕಕ್ಕೆ ತಳ್ಳಿ, ಪಾಠದ ಅವಧಿ ಮುಗಿಯಿತೆಂದು ಬಿಟ್ಟುಬಿಡುತ್ತಾರೆ.

ಊಟದ ಸಮಿತಿಗೂ ಇದೇ ಮಾತು ಅನ್ವಯಿಸುತ್ತದೆ. ಜೊತೆಯಲ್ಲಿ ಉಣ್ಣುವ ಹುಡುಗಿಯರು ನಿನ್ನನ್ನು ಗೆಳತಿಯೆಂದು ನಂಬಿ ಮಾತಾಡುತ್ತಾರೆ. ನಿನ್ನ ಅಭ್ಯಾಸಕ್ಕಾಗಿ ದಿನಚರಿ ಬರೆದುಕೊಳ್ಳುವುದು ಬೇರೆ, ಅದನ್ನು ಪ್ರಬಂಧವಾಗಿ ಒಪ್ಪಿಸುವುದು ಬೇರೆ. ಒಪ್ಪಿಸುವುದಾದರೆ ಅವರಿಗೆ ಮೊದಲೇ ತಿಳಿಸಲೇಬೇಕು.

ವಿದ್ಯಾರ್ಥಿ ಸಂಘವನ್ನು ಖಂಡಿತ ಆರಂಭಿಸು. ಉದ್ಘಾಟನೆ, ಹಾರ, ಶಾಲು ಇವುಗಳಲ್ಲೇ ಮುಗಿದುಹೋಗುವ ಸಂಘ ಬೇಡ. ವರ್ಷಕ್ಕೆ ಒಂದು ಒಳ್ಳೆಯ ಅಧ್ಯಯನ ಪ್ರವಾಸವಿದ್ದರೂ ಸಾಕು. ಬಳ್ಳಾರಿಯ ಬಳಿಯ ಸಂಗನಕಲ್ಲಿನ ಬೆಟ್ಟಗಳಿಗೆ ಹೋಗಿ ನವಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದ ತಾಣವನ್ನು ನೋಡಿ. ಉಜ್ಜಿ ನುಣುಪು ಮಾಡಿದ ಗುಳಿಗಳು ಬಂಡೆಯ ಮೇಲೆ ಈಗಲೂ ಇವೆ, ಬೆರಳಾಡಿಸಿದರೆ ತಿಳಿಯುತ್ತದೆ. ಮೈಸೂರಿಗೆ ಬಂದರೆ ಭಾರತೀಯ ಮಾನವವೈಜ್ಞಾನಿಕ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ, ಭೋಪಾಲದ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರ ವೆಲ್ಲಿಂಗ್ಟನ್ ಹೌಸಿನಲ್ಲಿದೆ. ವಿಭಾಗದಿಂದ ಪತ್ರ ಬರೆದು ಮೊದಲೇ ದಿನ ಗೊತ್ತುಮಾಡಿಕೊಂಡು ಬರುವುದು ಒಳ್ಳೆಯದು.

ಉತ್ತರ 3: ಸರ್ಕಾರಿ ನೌಕರ, ಪರಿಶಿಷ್ಟ ಪಂಗಡಗಳ ಕಲ್ಯಾಣ ಕ್ಷೇತ್ರ

ನಿಮ್ಮ ತಂದೆಯವರ ಪ್ರಶ್ನೆಗೆ ನಾನು ಉತ್ತರಿಸಬಹುದು. ಕೇಂದ್ರ ನಾಗರಿಕ ಸೇವಾ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಮಾನವಶಾಸ್ತ್ರವೂ ಇದೆ. ತಲಾ 250 ಅಂಕಗಳ ಎರಡು ಪತ್ರಿಕೆಗಳು. ಆದರೆ ಅದೊಂದನ್ನೇ ತೋರಿಸಿ ಅವರನ್ನು ಸಮಾಧಾನಪಡಿಸಬೇಡಿ. ಆ ಪರೀಕ್ಷೆಯಲ್ಲಿ ಉತ್ತೀರ್ಣರಾಗದವರ ಸಂಖ್ಯೆಯೇ ಬಹಳ ದೊಡ್ಡದು, ಈ ವಿಷಯದ ಬೆಲೆ ಆ ಫಲಿತಾಂಶಕ್ಕೆ ಕಟ್ಟುಬಿದ್ದದ್ದೂ ಅಲ್ಲ. ಸ್ನಾತಕೋತ್ತರ ಪದವಿಯನ್ನು ನಿಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮೈಸೂರಿನಲ್ಲಿ, ಹೊರರಾಜ್ಯವಾದರೆ ಹೈದರಾಬಾದ್, ಪುದುಚೇರಿ, ದೆಹಲಿಗಳಲ್ಲಿ ಮಾಡಬಹುದು. ಅದಾದ ಮೇಲೆ ಅಧ್ಯಾಪನ, ವಸ್ತುಸಂಗ್ರಹಾಲಯ, ಬುಡಕಟ್ಟು ಸಂಶೋಧನಾ ಸಂಸ್ಥೆಗಳು, ಆರೋಗ್ಯ ಕ್ಷೇತ್ರದ ಸಂಶೋಧನಾ ಯೋಜನೆಗಳು ಹೀಗೆ ದಾರಿಗಳಿವೆ. ಖಾಯಂ ಹುದ್ದೆಗಳು ಕಡಿಮೆ, ಯೋಜನೆಯ ಅವಧಿಗಷ್ಟೇ ಇರುವ ಕೆಲಸಗಳು ಹೆಚ್ಚು. ಇದನ್ನು ಮನೆಯಲ್ಲಿ ಮುಚ್ಚಿಡಬಾರದು.

ನೀವು ಕಲಿಯುತ್ತಿರುವುದು ಎಲ್ಲಿ ಬಳಕೆಯಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಉತ್ತರ ಕನ್ನಡದ ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು. ಅದೇ ಸಮುದಾಯದ ಬೆಳಗಾವಿ ಮತ್ತು ನಿಮ್ಮದೇ ಧಾರವಾಡ ಜಿಲ್ಲೆಯ ಕುಟುಂಬಗಳು ಜಿಲ್ಲೆಯ ಗಡಿಯ ಈಚೆ ಇದ್ದ ಕಾರಣಕ್ಕೆ ಹೊರಗುಳಿದು, 2020ರ ತಿದ್ದುಪಡಿಯಲ್ಲಿ ಸೇರ್ಪಡೆಯಾದವು. ಇಂಥ ಸೇರ್ಪಡೆಯ ಪ್ರಸ್ತಾವಗಳು ಮುಂದೆ ಸಾಗುವುದು ಕುಲಶಾಸ್ತ್ರೀಯ ಅಧ್ಯಯನದ, ಅಂದರೆ ಒಂದು ಸಮುದಾಯದ ಬದುಕು, ಆಚರಣೆಗಳನ್ನು ನೋಡಿ ದಾಖಲಿಸುವ ಅಧ್ಯಯನದ, ವರದಿಗಳ ಬಲದಿಂದ. ವರದಿ ಬರೆಯುವವರು ಊರಿನಲ್ಲಿ ಎಷ್ಟು ದಿನ ಇದ್ದರು, ಯಾರನ್ನು ಕೇಳಿದರು, ಏನನ್ನು ಗಮನಿಸದೆ ಬಿಟ್ಟರು ಎಂಬುದರ ಮೇಲೆ ಸಾವಿರಾರು ಮಕ್ಕಳ ವಿದ್ಯಾರ್ಥಿವೇತನ ನಿಂತಿರುತ್ತದೆ.

ಎರಡನೆಯದು ನಿಮ್ಮ ವಂಶಾವಳಿ ನಕ್ಷೆ. 2006ರ ಅರಣ್ಯ ಹಕ್ಕುಗಳ ಕಾಯ್ದೆಯಡಿ ಹಕ್ಕು ಕೇಳುವವರು ಸಲ್ಲಿಸಬಹುದಾದ ಸಾಕ್ಷ್ಯಗಳಲ್ಲಿ ಹಿರಿಯರ ಲಿಖಿತ ಹೇಳಿಕೆಯೂ, ಹಳೆಯ ದಾಖಲೆಗಳಲ್ಲಿ ಹೆಸರಿರುವ ಪೂರ್ವಿಕರವರೆಗಿನ ವಂಶಾವಳಿಯೂ ಸೇರಿವೆ. ಸ್ಮಶಾನ, ದೇವರ ಬನಗಳಂಥ ನೆಲದ ಗುರುತುಗಳನ್ನೂ ಪರಿಗಣಿಸಲಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದ ಒಳಗಿದ್ದೂ 2011ರಲ್ಲಿ ಸಮುದಾಯ ಅರಣ್ಯ ಹಕ್ಕನ್ನು ಪಡೆದರು. ಅಜ್ಜಿಯೊಬ್ಬರ ಮುಂದೆ ಕುಳಿತು ಮೂರು ತಲೆಮಾರಿನ ಹೆಸರುಗಳನ್ನು ತಪ್ಪಿಲ್ಲದೆ ಬರೆದುಕೊಳ್ಳಬಲ್ಲ, ಯಾವ ಗಂಡನ ಮಕ್ಕಳು ಯಾರು ಎಂದು ನಯವಾಗಿ ಕೇಳಿ ತಿಳಿಯಬಲ್ಲ ಯುವಕರು ನಮಗೆ ಬೇಕಾಗಿದ್ದಾರೆ, ಸಿಗುತ್ತಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ನನ್ನ ಕೃತಜ್ಞತೆಗಳು. ಅರಣ್ಯ ಹಕ್ಕಿನ ಅರ್ಜಿಯಲ್ಲಿ ವಂಶಾವಳಿಗೆ ಸ್ಥಾನವಿದೆ ಎಂಬುದನ್ನು ಅಪ್ಪನಿಗೆ ಓದಿ ಹೇಳಿದೆ; ಅವರು ಎರಡು ಬಾರಿ ಓದಿಸಿಕೊಂಡರು.

ಭಿತ್ತಿಪತ್ರಿಕೆಯನ್ನು ಕಿರಿಯರಿಗೆ ಒಪ್ಪಿಸುತ್ತೇನೆ. ಊಟದ ಸಮಿತಿಯಲ್ಲಿ ಕೆಲಸಕ್ಕಷ್ಟೇ ಇರುತ್ತೇನೆ, ಅಲ್ಲಿನದನ್ನು ಪ್ರಬಂಧ ಮಾಡುವುದಿಲ್ಲ. ಶಿಬಿರದ ಮಾಹಿತಿಯನ್ನು ಮುಟ್ಟುವುದಿಲ್ಲ. ಕಿರುಪ್ರಬಂಧಕ್ಕೆ ಬೇರೊಂದು ವಿಷಯ ಹೊಳೆದಿದೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲೆಂದು ಸುತ್ತಲಿನ ಜಿಲ್ಲೆಗಳಿಂದ ಧಾರವಾಡಕ್ಕೆ ಬಂದು ಕೊಠಡಿ ಹಿಡಿದಿರುವ ಹುಡುಗ ಹುಡುಗಿಯರಿಗೆ ಅವರ ಊರುಗಳಿಂದ ಬಸ್ಸಿನಲ್ಲಿ ಬುತ್ತಿ ಬರುತ್ತದೆ. ತಾಯಂದಿರು ನಸುಕಿನಲ್ಲಿ ರೊಟ್ಟಿ ಬಡಿದು, ಪಲ್ಯ, ಚಟ್ನಿಪುಡಿ ಕಟ್ಟಿ, ಚೀಲಕ್ಕೆ ಬಣ್ಣದ ದಾರವನ್ನೋ ಹಳೆಯ ಸೀರೆಯ ಅಂಚನ್ನೋ ಗುರುತಿಗೆ ಕಟ್ಟಿ ಬಸ್ಸಿಗೆ ಹಾಕುತ್ತಾರೆ. ಇಲ್ಲಿ ಮಕ್ಕಳು ನಿಲ್ದಾಣದಲ್ಲಿ ಕಾದಿದ್ದು ಇಳಿಸಿಕೊಳ್ಳುತ್ತಾರೆ, ನಿನ್ನೆಯ ಖಾಲಿ ಡಬ್ಬಿಯನ್ನು ಅದೇ ಬಸ್ಸಿಗೆ ಹತ್ತಿಸುತ್ತಾರೆ. ಬಾರದವರ ಚೀಲವನ್ನು ಅದೇ ಊರಿನ ಇನ್ನೊಬ್ಬರು ತೆಗೆದುಕೊಂಡು ಹೋಗುತ್ತಾರೆ. ಯಾರದ್ದನ್ನು ಯಾರು ತೆಗೆದುಕೊಂಡು ಹೋಗಬಹುದು, ಯಾರ ರೊಟ್ಟಿ ಯಾರೊಡನೆ ಹಂಚಿಕೆಯಾಗುತ್ತದೆ ಎಂಬುದಕ್ಕೆ ಯಾರೂ ಹೇಳದ ಒಂದು ಕ್ರಮ ಇದ್ದಂತಿದೆ. ಆ ಕ್ರಮವನ್ನು ತಿಳಿಯಬೇಕೆಂದಿದ್ದೇನೆ.

ಒಂದು ಅಳುಕಿದೆ. ಚೀಲಗಳನ್ನು ನಿರ್ವಾಹಕರು ಪ್ರೀತಿಯಿಂದ ತಂದುಕೊಡುತ್ತಾರೆ. ನಾನು ಬರೆಯುವುದರಿಂದ ಅವರಿಗೆ ತೊಂದರೆಯಾದರೆ? ಹೆಸರು ಬಿಟ್ಟರೆ ಸಾಕೇ?

ಉತ್ತರ 2ರ ಅಧ್ಯಾಪಕಿ

ವಿಷಯ ಬಹಳ ಚೆನ್ನಾಗಿದೆ, ಮಾಡು. ನಿಲ್ದಾಣದಲ್ಲಿ ಕಾಯುವವರ ಜೊತೆ ಮಾತಾಡುವುದರಿಂದ ಆರಂಭಿಸು. ಒಂದೆರಡು ಚೀಲಗಳನ್ನು ಹಿಡಿದು ಅವು ಹೊರಟ ಮನೆಗಳವರೆಗೂ ಹೋಗು. ಬುತ್ತಿ ಕಟ್ಟುವ ತಾಯಿಯ ಮಾತು ಇಲ್ಲದಿದ್ದರೆ ಅಧ್ಯಯನ ಅರ್ಧಕ್ಕೇ ನಿಲ್ಲುತ್ತದೆ. ಮಗ ಓದಲೆಂದು ಕಳಿಸುವ ಬುತ್ತಿಗೂ ಮಗಳು ಓದಲೆಂದು ಕಳಿಸುವ ಬುತ್ತಿಗೂ ವ್ಯತ್ಯಾಸವಿದೆಯೇ, ಮಗಳಿಗೆ ಎಷ್ಟು ವರ್ಷದವರೆಗೆ ಕಳಿಸುತ್ತಾರೆ ಎಂಬುದನ್ನು ನೋಡಲು ಮರೆಯಬೇಡ.

ನಿರ್ವಾಹಕರ ಬಗ್ಗೆ ನಿನಗಿರುವ ಅಳುಕು ಸರಿಯಾದದ್ದೇ. ಶ್ರೀನಿವಾಸ್ ಅವರು ತಮ್ಮ ಹಳ್ಳಿಯನ್ನು ರಾಂಪುರ ಎಂಬ ಬದಲಿ ಹೆಸರಿನಿಂದ ಕರೆದರು. ನಿನ್ನ ವಿಷಯದಲ್ಲಿ ಅಷ್ಟು ಸಾಲದು. ವ್ಯಕ್ತಿಯ ಹೆಸರು, ಊರಿನ ಹೆಸರು ಎರಡನ್ನೂ ಬದಲಿಸಿದ ಮೇಲೂ ಬಸ್ಸು ಬರುವ ಹೊತ್ತನ್ನು ಬರೆದರೆ, ಆ ಹೊತ್ತಿಗೆ ಆ ದಾರಿಯಲ್ಲಿ ಕೆಲಸದ ಮೇಲಿರುವವರು ಯಾರೆಂದು ಡಿಪೋದಲ್ಲಿ ಯಾರು ಬೇಕಾದರೂ ಹೇಳಬಲ್ಲರು. ಆದ್ದರಿಂದ ಹೊತ್ತನ್ನೂ ಮಾರ್ಗವನ್ನೂ ಬಿಟ್ಟು, ಬೆಳಗಿನ ಬಸ್ಸುಗಳು ಎಂದಷ್ಟೇ ಬರೆ. ಹಲವು ನಿರ್ವಾಹಕರು ಹೇಳಿದ್ದನ್ನು ಒಬ್ಬರದೆಂದು ಗುರುತು ಸಿಗದ ಹಾಗೆ ಒಟ್ಟಾಗಿ ನಿರೂಪಿಸು. ಚೀಲದ ಚಿತ್ರ ತೆಗೆಯುವಾಗ ಬಸ್ಸಿನ ಸಂಖ್ಯೆ, ಫಲಕ ಕಾಣಿಸದಂತೆ ನೋಡಿಕೊ. ಕರಡು ಸಿದ್ಧವಾದಾಗ, ಅವರ ಬಗ್ಗೆ ಬರೆದ ಭಾಗವನ್ನು ನಿಲ್ದಾಣದಲ್ಲೇ ಅವರಿಗೆ ಓದಿ ಹೇಳು. ಬೇಡ ಎಂದ ಸಾಲನ್ನು ಅವರೆದುರಿಗೇ ಹೊಡೆದುಹಾಕು.